ಸ್ಕ್ರೋಲ್ ಮಾಡುವ ಸ್ಕ್ರಿಪ್ಟ್ 48 ಸೀರೆಗೇ ನಿಂತುಬಿಡುತ್ತದೆ, ಇನ್ನೂ ಸಾವಿರದ ಮೇಲಿವೆ

ಟೋಪತೆನಿ, ಇಳಕಲ್

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರೋಗ್ರಾಮರ್ ಅಲ್ಲ. ಇಳಕಲ್‌ನಲ್ಲಿ ನಮ್ಮ ಕಾಕಾನ ಸೀರೆ ಅಂಗಡಿಯಲ್ಲಿ ಕೂರುತ್ತೇನೆ. ಪೈಥಾನ್ ಕಲಿತದ್ದು ಲಾಕ್‌ಡೌನ್‌ನಲ್ಲಿ, ಯೂಟ್ಯೂಬ್ ನೋಡಿ. ಅದೂ ಅರ್ಧಂಬರ್ಧ.

ವಿಷಯ ಇಷ್ಟು. ಐದು ವರ್ಷದಿಂದ ನಮ್ಮ ಸೀರೆಗಳನ್ನು ಒಂದು ಆನ್‌ಲೈನ್ ಮಾರಾಟದ ಸೈಟ್‌ಗೆ ಹಾಕುತ್ತಾ ಬಂದಿದ್ದೇವೆ. ಹೆಸರು ಬೇಡ. ಒಟ್ಟು 1,286 ಸೀರೆ. ಅಷ್ಟಕ್ಕೂ ಫೋಟೋ ತೆಗೆದವನು ನಾನೇ. ಮಾಳಿಗೆ ಮೇಲೆ ಬಿಳಿ ಚಾದರ ಹಾಸಿ, ಬೆಳಗ್ಗೆ ಎಂಟರ ಒಳಗೆ. ಬಿಸಿಲು ಏರಿದರೆ ಗಿರಿ ಕುಂಕುಮ ಬಣ್ಣ ಫೋಟೋದಲ್ಲಿ ಟೊಮೆಟೊ ಬಣ್ಣ ಆಗುತ್ತದೆ. ವಿವರ ಬರೆದವನೂ ನಾನೇ: ಒಡಲಿನ ಬಣ್ಣ, ದಡಿ ಗೋಮಿಯೋ ಚಿಕ್ಕಿ ಪರಾಸೋ, ಸೆರಗು ಯಾವುದು, ಎಷ್ಟು ಗಜ. ಬರೆದದ್ದನ್ನು ಬೇರೆ ಎಲ್ಲೂ ಇಟ್ಟುಕೊಳ್ಳಲಿಲ್ಲ, ನೇರ ಸೈಟ್‌ನಲ್ಲೇ ಟೈಪ್ ಮಾಡಿದೆ. ಫೋಟೋ ಇದ್ದ ಮೊಬೈಲ್ ಹೋದ ಮಳೆಗಾಲದಲ್ಲಿ ನೀರು ಕುಡಿದು ಸತ್ತಿತು.

ಈಗ ನಮ್ಮದೇ ಕ್ಯಾಟಲಾಗ್ ಮಾಡಬೇಕಾಗಿದೆ. ಆ ಸೈಟ್‌ನಲ್ಲಿ ಮಾರಾಟಗಾರರಿಗೆ ಒಂದು ಡೌನ್‌ಲೋಡ್ ಬಟನ್ ಕೊಟ್ಟಿದ್ದಾರೆ. ಒತ್ತಿದರೆ ಬರುವ ಫೈಲ್‌ನಲ್ಲಿ ಸ್ಟಾಕ್ ನಂಬರ್ ಮತ್ತು ಬೆಲೆ, ಅಷ್ಟೇ. ಬರೆದು ಕೇಳಿದೆ. ಒಂಬತ್ತು ದಿನ ಬಿಟ್ಟು "ನಿಮ್ಮ ವಿನಂತಿ ಸ್ವೀಕರಿಸಲಾಗಿದೆ" ಅಂತ ಉತ್ತರ ಬಂತು. ಆಮೇಲೆ ಸುದ್ದಿಯಿಲ್ಲ.

ಅದಕ್ಕೇ ಸೆಲೆನಿಯಂ ಹಿಡಿದೆ, ಬ್ರೌಸರನ್ನು ಪ್ರೋಗ್ರಾಂನಿಂದಲೇ ನಡೆಸುವ ಸಾಧನ. ನಮ್ಮ ಅಂಗಡಿಯ ಪುಟದಲ್ಲಿ ಒಂದು, ಎರಡು, ಮೂರು ಅಂತ ಪುಟದ ನಂಬರ್ ಇಲ್ಲ. ಕೆಳಗೆ ಇಳಿದಂತೆಲ್ಲ ಇನ್ನಷ್ಟು ಸೀರೆ ಬರುತ್ತಾ ಹೋಗುತ್ತವೆ. ನನ್ನ ಸ್ಕ್ರಿಪ್ಟ್ ಎಲ್ಲ ವಿಡಿಯೋಗಳಲ್ಲಿ ಹೇಳಿಕೊಡುವುದನ್ನೇ ಮಾಡುತ್ತದೆ. ವಿಂಡೋ ಸ್ಕ್ರೋಲ್‌ಟು ಹಾಕಿ ಪುಟದ ತಳಕ್ಕೆ ಹಾರು, 2 ಸೆಕೆಂಡ್ ಮಲಗು, ಸ್ಕ್ರೋಲ್‌ಹೈಟ್ (ಪುಟದ ಒಟ್ಟು ಎತ್ತರ) ನೋಡು. ಜಾಸ್ತಿ ಆಗಿದ್ದರೆ ಮತ್ತೆ ಹಾರು. ಅಷ್ಟೇ ಇದ್ದರೆ ಮುಗಿಯಿತು. ಓಡಿಸಿದರೆ 48ನೇ ಸೀರೆಗೆ ನಿಂತಿತು. ಇನ್ನೊಮ್ಮೆ ಓಡಿಸಿದೆ, 24. ಮತ್ತೊಮ್ಮೆ, 72. ಅದೇ ಸ್ಕ್ರಿಪ್ಟ್, ಅದೇ ಲ್ಯಾಪ್‌ಟಾಪ್!

ಮೌಸ್ ಚಕ್ರ ತಿರುಗಿಸಿದರೆ ಪುಟ ಸರಾಗ ಇಳಿಯುತ್ತದೆ. ಮೊನ್ನೆ ರಾತ್ರಿ ಹಠಕ್ಕೆ ಬಿದ್ದು ಕೈಯಿಂದಲೇ ಕೊನೆವರೆಗೂ ಇಳಿಸಿದೆ. ಹದಿನೇಳು ನಿಮಿಷ. ತೋರುಬೆರಳಿನ ತುದಿ ಕೆಂಪಾಯಿತು. ತಳ ಮುಟ್ಟಿ ಪುಟವನ್ನು ಸೇವ್ ಮಾಡಿದೆ. ಫೈಲ್ ತೆರೆದು ಎಣಿಸಿದರೆ 40 ಸೀರೆ, ಅದೂ ಕಡೆಯವು ಮಾತ್ರ. ಮೇಲಿನವು ಎಲ್ಲಿ ಹೋದವು? ನಾನು ಕಣ್ಣಾರೆ ನೋಡಿಕೊಂಡೇ ಇಳಿದದ್ದಲ್ವಾ?

ಕೋಡ್ ಅಂಟಿಸುತ್ತಿಲ್ಲ, ಅಂಗಡಿಯಲ್ಲಿ ಕೂತು ಮೊಬೈಲ್‌ನಿಂದ ಬರೆಯುತ್ತಿದ್ದೇನೆ. ಮದುವೆ ಸೀಸನ್, ನಡುವೆ ಗಿರಾಕಿ ಬಂದರೆ ಉತ್ತರ ತಡವಾಗಬಹುದು.

ದ್ರಾಕ್ಷಿಮನಿ, ತಿಕೋಟಾ

ನಿಮ್ಮ 24, 48, 72 ನೋಡಿ ನಗು ಬಂತು, ಯಾಕೆಂದರೆ ನಾನೂ ಅದೇ ಗುಂಡಿಯಲ್ಲಿ ಬಿದ್ದವನು. ಮೂರೂ 24ರ ಲೆಕ್ಕದವು, ಗಮನಿಸಿದಿರಾ? ಸೈಟ್ ಒಂದು ಸಲಕ್ಕೆ 24 ಕಳಿಸುತ್ತದೆ. ನಿಮ್ಮ ಸ್ಕ್ರಿಪ್ಟ್ ಕೆಲವೊಮ್ಮೆ ಒಂದು ಕಂತಿಗೆ, ಕೆಲವೊಮ್ಮೆ ಮೂರು ಕಂತಿಗೆ ಕೈಬಿಡುತ್ತಿದೆ. ಅಂದರೆ ತಪ್ಪು ಆ "2 ಸೆಕೆಂಡ್ ಮಲಗು" ಅನ್ನುವುದರಲ್ಲಿದೆ. ಆ 2 ಯಾರೋ ವಿಡಿಯೋ ಮಾಡಿದವನ ಮನೆಯ ಫೈಬರ್ ಲೈನಿನ 2. ನಮ್ಮೂರಲ್ಲಿ ಸಂಜೆ ಏಳಕ್ಕೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದು 6 ಆಗುತ್ತದೆ, 11 ಆಗುತ್ತದೆ. ಮೂರನೇ ಸೆಕೆಂಡಿಗೆ ಸೀರೆ ಬಂದರೂ ನೋಡುವವರಿಲ್ಲ, ಸ್ಕ್ರಿಪ್ಟ್ ಅಷ್ಟೊತ್ತಿಗೆ ಮನೆಗೆ ಹೋಗಿರುತ್ತದೆ.

ಸೆಕೆಂಡ್ ಎಣಿಸಬೇಡಿ, ಸೀರೆ ಎಣಿಸಿ. ಸೆಲೆನಿಯಂನಲ್ಲಿ ವೆಬ್‌ಡ್ರೈವರ್‌ವೇಟ್ ಇದೆ. ಈಗ ಪುಟದಲ್ಲಿ ಇಷ್ಟು ಕಾರ್ಡ್ (ಒಂದೊಂದು ಸೀರೆಯ ಫೋಟೋ, ಹೆಸರು ಇರುವ ಚೌಕ) ಇವೆ, ಇದಕ್ಕಿಂತ ಒಂದಾದರೂ ಹೆಚ್ಚಾಗುವವರೆಗೆ ಕಾಯಿ, ಹೆಚ್ಚೆಂದರೆ 20 ಸೆಕೆಂಡ್ ಅಂತ ಅದಕ್ಕೆ ಹೇಳಿ. ಬೇಗ ಬಂದರೆ ಬೇಗ ಮುಂದೆ ಹೋಗುತ್ತದೆ, ತಡವಾದರೆ ಕಾಯುತ್ತದೆ. ಮೂರು ಸಲ ಸಾಲಾಗಿ ಏನೂ ಹೆಚ್ಚದಿದ್ದರೆ ಮಾತ್ರ ನಿಲ್ಲಿಸಿ.

ಇನ್ನೊಂದು. ಇಂಥ ಪುಟದ ತಳದಲ್ಲಿ ಕಣ್ಣಿಗೆ ಕಾಣದ ಒಂದು ಸಣ್ಣ ತುಂಡು ಇರುತ್ತದೆ. ಅದು ಪರದೆಯೊಳಗೆ ಬಂತೋ ಇಲ್ಲವೋ ಅಂತ ಬ್ರೌಸರ್ ನೋಡುತ್ತಿರುತ್ತದೆ. ಇಂಟರ್‌ಸೆಕ್ಷನ್ ಅಬ್ಸರ್ವರ್ ಅಂತ ಅದರ ಹೆಸರು. ಬಂದ ಕ್ಷಣಕ್ಕೆ "ಮುಂದಿನ ಕಂತು ಕಳಿಸಿ" ಅಂತ ಸರ್ವರ್‌ಗೆ ಹೇಳುತ್ತದೆ. ತಮಾಷೆ ಏನೆಂದರೆ ಅದು ಒಳಗೆ ಬಂದಾಗ ಒಮ್ಮೆ, ಹೊರಗೆ ಹೋದಾಗ ಒಮ್ಮೆ ಕೂಗುತ್ತದೆ. ಒಳಗೇ ಕೂತುಬಿಟ್ಟರೆ ಸುಮ್ನೆ ಇರುತ್ತದೆ. ಹಾಗೆ ಅಂಟಿಕೊಂಡಾಗ ಪುಟವನ್ನು 300 ಪಿಕ್ಸೆಲ್ ಮೇಲೆ ಎಳೆದು ಮತ್ತೆ ಕೆಳಗೆ ಬಿಡಿ. ಬಾಗಿಲಿನ ಚಿಲಕ ಸಿಕ್ಕಿಕೊಂಡಾಗ ಒಮ್ಮೆ ಹಿಂದೆ ಎಳೆದು ಮುಂದೆ ದೂಡುತ್ತೇವಲ್ಲ, ಹಾಗೆ.

ನನ್ನ ಕಥೆ ಬೇರೆ ಇತ್ತು. ನಮ್ಮದು ಒಣದ್ರಾಕ್ಷಿ. ಸಾಂಗಲಿ, ತಾಸಗಾಂವ ಮಾರುಕಟ್ಟೆಯ ರೇಟು ಒಂದು ಪುಟದಲ್ಲಿ ದಿನವೂ ನೋಡುತ್ತೇನೆ. ಅಲ್ಲಿ ಪುಟ ಇಳಿಯುವುದೇ ಇಲ್ಲ, ಪುಟದೊಳಗಿನ ಒಂದು ಡಬ್ಬಿ ಇಳಿಯುತ್ತದೆ. ವಿಂಡೋ ಸ್ಕ್ರೋಲ್‌ಟು ಎಷ್ಟು ಸಲ ಹೊಡೆದರೂ ಕಲ್ಲಿಗೆ ನೀರು ಹೊಯ್ದ ಹಾಗೆ. ಆ ಡಬ್ಬಿಯನ್ನು ಹಿಡಿದು ಅದರ ಸ್ಕ್ರೋಲ್‌ಟಾಪ್ ಬದಲಿಸಿದಾಗ ಇಳಿಯಿತು. ಅದು ಗೊತ್ತಾಗಲು ನನಗೆ ಎರಡು ಭಾನುವಾರ ಹಿಡಿಯಿತು. ನಿಮ್ಮದು ಹಾಗಲ್ಲ ಬಿಡಿ, 72ರವರೆಗೆ ಹೋಗಿದೆ ಅಂದರೆ ವಿಂಡೋನೇ ಇಳಿಯುತ್ತಿದೆ.

ಒಂದು ಪ್ರಶ್ನೆ: ಸ್ಕ್ರಿಪ್ಟ್ ಓಡುವಾಗ ಆ ಬ್ರೌಸರ್ ಕಿಟಕಿ ಕಣ್ಣೆದುರಿಗೆ ಇರುತ್ತದಾ?

ಟೋಪತೆನಿ, ಇಳಕಲ್

ಅಣ್ಣಾರ, ಸಿಕ್ಕಿಬಿದ್ದೆ. ಕಿಟಕಿಯನ್ನು ಕೆಳಗಿಳಿಸಿ ಟ್ಯಾಲಿಯಲ್ಲಿ ಬಿಲ್ ಹಾಕುತ್ತಿದ್ದೆ!

ದ್ರಾಕ್ಷಿಮನಿ, ತಿಕೋಟಾ

ಅದೇ ನೋಡಿ. ಕಿಟಕಿ ಕಾಣದಿದ್ದರೆ ಯಾರಿಗೆ ತೋರಿಸಲಿ ಅಂತ ಬ್ರೌಸರ್ ಪುಟ ಬಿಡಿಸುವ ಕೆಲಸವನ್ನೇ ನಿಲ್ಲಿಸಿರುತ್ತದೆ. ತಳದ ತುಂಡು ಕಂಡಿತು ಅಂತ ಹೇಳುವವರೂ ಇರುವುದಿಲ್ಲ. ಕಿಟಕಿ ತೆರೆದಿಟ್ಟು ಓಡಿಸಿ. ಇಲ್ಲವಾದರೆ ಹೆಡ್‌ಲೆಸ್‌ನಲ್ಲಿ, ಅಂದರೆ ಕಿಟಕಿಯನ್ನು ಪರದೆಗೆ ತರದೆಯೇ, ಓಡಿಸಿ, ಆದರೆ ಕಿಟಕಿಯ ಅಳತೆ ನೀವೇ ಕೊಡಿ, 1920 ಅಗಲ 1080 ಎತ್ತರ. ಸುಮ್ನೆ ಬಿಟ್ಟರೆ ಚಿಕ್ಕ ಕಿಟಕಿ ತೆಗೆದು ಮೊಬೈಲ್‌ಗೆ ತೋರಿಸುವ ಪುಟ ತೋರಿಸಬಹುದು, ಆಗ ಕಾರ್ಡ್‌ಗಳ ಜೋಡಣೆಯೇ ಬೇರೆ.

ಟೋಪತೆನಿ, ಇಳಕಲ್

ಮರುದಿನದ ವರದಿ. ಕಿಟಕಿ ತೆರೆದಿಟ್ಟೆ, ಸೀರೆ ಎಣಿಸುವಂತೆ ಮಾಡಿದೆ. ಪುಟ ಮಸ್ತ್ ಇಳಿಯಿತು, ನೋಡಲು ಖುಷಿ. ಆದರೆ ಎಣಿಕೆ 40 ಮುಟ್ಟಿದ ಮೇಲೆ ಏರುವುದೇ ಇಲ್ಲ. ಪುಟ ಇಳಿಯುತ್ತಿದೆ, ಹೊಸ ಸೀರೆ ಕಾಣುತ್ತಿವೆ, ಲೆಕ್ಕ ಮಾತ್ರ 40. ಮೂರು ಸಲ ಹೆಚ್ಚದೆ ನಿಂತುಬಿಟ್ಟಿತು. ಆಮೇಲೆ ಮೊದಲು ಹಿಡಿದಿಟ್ಟ ಕಾರ್ಡ್‌ಗಳಿಂದ ಹೆಸರು ಓದಲು ಹೋದರೆ ಕೆಂಪು ಅಕ್ಷರದಲ್ಲಿ "ಸ್ಟೇಲ್ ಎಲಿಮೆಂಟ್ ರೆಫರೆನ್ಸ್". ಸ್ಟೇಲ್ ಅಂದರೆ ಹಳಸಿದ್ದು ಅಂತ ನಿಘಂಟು ಹೇಳಿತು. ಐದು ನಿಮಿಷದಲ್ಲಿ ಹಳಸುವ ಸೀರೆ ಯಾವುದು ಮಾರಾಯರೇ?

ಟಿಳಕವಾಡಿ ಟೆಸ್ಟರ್, ಬೆಳಗಾವಿ

ನಾನು ಹನ್ನೊಂದು ವರ್ಷದಿಂದ ಟೆಸ್ಟಿಂಗ್ ಮಾಡುತ್ತಿದ್ದೇನೆ, ಸೆಲೆನಿಯಂ ಜೊತೆಗೇ ಸಂಸಾರ. ನಿಮ್ಮ ಮೊದಲ ಪ್ರಶ್ನೆಯಲ್ಲೇ ಉತ್ತರ ಇತ್ತು. ಕೈಯಿಂದ ಇಳಿಸಿ ಸೇವ್ ಮಾಡಿದಾಗ 40 ಸಿಕ್ಕವು ಅಂದಿರಿ. ಈಗಲೂ 40. ಆ 40 ಹಿಡಿದುಕೊಳ್ಳಿ.

ನಿಮ್ಮ ಅಂಗಡಿಯ ಗಾದಿಯನ್ನೇ ನೆನೆಸಿಕೊಳ್ಳಿ. ಗಿರಾಕಿ ಮುಂದೆ ಸೀರೆ ಬಿಚ್ಚುತ್ತೀರಿ. ಒಂದು, ಎರಡು, ಹತ್ತು. ಹನ್ನೊಂದನೆಯದಕ್ಕೆ ಗಾದಿ ಮೇಲೆ ಜಾಗವಿಲ್ಲ. ಹುಡುಗ ಏನು ಮಾಡುತ್ತಾನೆ? ಮೊದಲು ಬಿಚ್ಚಿದ್ದನ್ನು ಮಡಚಿ ಒಳಗೆ ಇಡುತ್ತಾನೆ. ಸಂಜೆವರೆಗೆ ಇನ್ನೂರು ಸೀರೆ ತೋರಿಸಿರುತ್ತೀರಿ, ಯಾವಾಗ ಬಂದು ಎಣಿಸಿದರೂ ಗಾದಿ ಮೇಲೆ ಹತ್ತೇ. ನಿಮ್ಮ ಸೈಟ್ ಮಾಡುವುದು ಇದನ್ನೇ. ವರ್ಚುವಲ್ ಲಿಸ್ಟ್ ಅನ್ನುತ್ತಾರೆ. 1,286 ಕಾರ್ಡ್ ಒಟ್ಟಿಗೆ ಇಟ್ಟರೆ ಫೋನ್ ಬಿಸಿಯಾಗಿ ತೆವಳುತ್ತದೆ ಅಂತ, ಪರದೆಯಲ್ಲಿ ಕಾಣುವ ಕಾರ್ಡ್‌ಗಳು, ಮೇಲೆ ಕೆಳಗೆ ಇನ್ನಷ್ಟು, ಇಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ತೆಗೆದುಹಾಕುತ್ತದೆ. ಮೇಲಿನವು ಇದ್ದ ಜಾಗಕ್ಕೆ ಬರೀ ಖಾಲಿ ಎತ್ತರ. ನೀವು ಹಿಡಿದಿಟ್ಟ ಕಾರ್ಡ್ ಈಗ ಪುಟದಲ್ಲೇ ಇಲ್ಲ, ಅದಕ್ಕೇ ಹಳಸಿದ್ದು ಅಂತ ಬೈಗುಳ.

ಹಾಗಾಗಿ "ಎಲ್ಲ ಇಳಿಸು, ಆಮೇಲೆ ಓದು" ಅನ್ನುವುದು ಇಲ್ಲಿ ನಡೆಯುವುದಿಲ್ಲ. ಇಳಿಯುತ್ತಲೇ ಓದಬೇಕು. ತಳಕ್ಕೆ ಹಾರಲೇಬೇಡಿ, ಹಾರಿದರೆ ನಡುವಿನವು ಬಿಚ್ಚುವುದೇ ಇಲ್ಲ. ಕಿಟಕಿಯ ಎತ್ತರದ ಮುಕ್ಕಾಲು ಪಾಲು ಇಳಿಸಿ, ನಿಲ್ಲಿ, ಕಾಣುವ ಕಾರ್ಡ್‌ಗಳ ಹೆಸರು, ವಿವರ, ಫೋಟೋದ ವಿಳಾಸ ಅಕ್ಷರವಾಗಿ ಓದಿ ಪೈಥಾನಿನ ಡಿಕ್ಷನರಿಗೆ (ಪ್ರತಿ ಕೀಗೆ, ಅಂದರೆ ಗುರುತಿಗೆ, ಒಂದೇ ಜಾಗ ಇರುವ ಪಟ್ಟಿ) ಹಾಕಿ, ಮತ್ತೆ ಇಳಿಸಿ. ಮುಕ್ಕಾಲೇ ಯಾಕೆ ಅಂದರೆ ಹಿಂದಿನ ಸಾಲು ಇನ್ನೊಮ್ಮೆ ಕಾಣಲಿ ಅಂತ. ಎರಡು ಸಲ ಓದಿದರೆ ನಷ್ಟವಿಲ್ಲ, ಡಿಕ್ಷನರಿಯಲ್ಲಿ ಅದೇ ಜಾಗಕ್ಕೆ ಹೋಗಿ ಕೂರುತ್ತದೆ. ಒಂದು ಸಲವೂ ಓದದೆ ಹೋದರೆ ನಷ್ಟ. ಇನ್ನು ನಿಲ್ಲುವುದು ಯಾವಾಗ? ಪುಟದಲ್ಲಿರುವ ಕಾರ್ಡ್ ಲೆಕ್ಕ ಬಿಡಿ. ಡಿಕ್ಷನರಿ ಬೆಳೆಯುವುದು ನಿಂತಾಗ.

ಇಳಿಸಲು ಸ್ಕ್ರೋಲ್‌ಬೈ ಸಾಕು. ಸೆಲೆನಿಯಂ 4.2ರಿಂದ ಮೌಸ್ ಚಕ್ರವನ್ನೇ ತಿರುಗಿಸುವ ಆ್ಯಕ್ಷನ್ ಕೂಡ ಇದೆ. ಕೆಲವು ಪುಟಗಳಲ್ಲಿ ಇಳಿಕೆಯೇ ನುಣ್ಣಗೆ ಜಾರುವಂತೆ ಪುಟದ ರೂಪ ಹೇಳುವ ಸಿಎಸ್ಎಸ್‌ನಲ್ಲಿ ಬರೆದಿರುತ್ತಾರೆ, ಸ್ಮೂತ್ ಅಂತ. ಅಲ್ಲಿ ಆಜ್ಞೆ ಕೊಟ್ಟ ಕೂಡಲೇ ಓದಿದರೆ ಪುಟ ಇನ್ನೂ ದಾರಿಯಲ್ಲಿರುತ್ತದೆ.

ಪ್ಲೇರೈಟ್‌ಗೆ ಹೋದರೆ ಸರಿಯಾಗುತ್ತಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಅದೂ ಪಪೆಟಿಯರ್ ಕೂಡ ಸೆಲೆನಿಯಂನಂಥ ಸಾಧನಗಳೇ. ಸೆಲೆನಿಯಂ 2004ರದ್ದು, ಪಪೆಟಿಯರ್ 2017ರದ್ದು, ಮೈಕ್ರೋಸಾಫ್ಟ್‌ನ ಪ್ಲೇರೈಟ್ 2020ರದ್ದು. ಹೊಸದು ಕೈಗೆ ಹಗುರ, ಕಾಯುವ ಕೆಲಸವನ್ನು ತಾನೇ ಎಷ್ಟೋ ನೋಡಿಕೊಳ್ಳುತ್ತದೆ. ನಾನೂ ಹೊಸ ಕೆಲಸಕ್ಕೆ ಅದನ್ನೇ ಹಿಡಿಯುತ್ತೇನೆ. ಆದರೆ ಅದರ ಮೌಸ್ ವ್ಹೀಲ್ ಕೂಡ ಚಕ್ರ ತಿರುಗಿಸಿ ವಾಪಸ್ ಬಂದುಬಿಡುತ್ತದೆ, ಪುಟ ಇಳಿದು ಮುಗಿಯುವವರೆಗೆ ಕಾಯುವುದಿಲ್ಲ. ಗಾದಿ ಮೇಲೆ ಹತ್ತೇ ಸೀರೆ ಅನ್ನುವುದು ಅಲ್ಲೂ ಅಷ್ಟೇ. ಕೈಯಲ್ಲಿರುವುದನ್ನು ಈಗ ಬಿಡಬೇಡಿ.

ಫೋಟೋ ವಿಷಯ ಮಾತ್ರ ಹುಷಾರು. ಮೊದಲು ಬೂದು ಬಣ್ಣದ ಚೌಕ ಬಂದು ಆಮೇಲೆ ಸೀರೆ ಮೂಡುತ್ತದೆಯಾ? ಹಾಗಿದ್ದರೆ ಬೇಗ ಓದಿದರೆ ನಿಮಗೆ ಸಿಗುವುದು ಆ ಬೂದು ಚೌಕದ ವಿಳಾಸ. 1,286 ಬೂದು ಚೌಕ ಡೌನ್‌ಲೋಡ್ ಮಾಡಿಕೊಂಡವರನ್ನು ನಾನು ನೋಡಿದ್ದೇನೆ. ಸರಿ, 1,286 ಅಲ್ಲ, 300. ಅದು ನಾನೇ. ನಿಜವಾದ ವಿಳಾಸ ಡೇಟಾ‌-ಎಸ್ಆರ್‌ಸಿ ಅಥವಾ ಎಸ್ಆರ್‌ಸಿ‌ಸೆಟ್‌ನಲ್ಲಿ ಅಡಗಿರುತ್ತದೆ. ಎಸ್ಆರ್‌ಸಿ‌ಸೆಟ್‌ನಲ್ಲಿ ಒಂದೇ ಫೋಟೋದ ನಾಲ್ಕೈದು ಅಳತೆ ಇರುತ್ತವೆ, ದೊಡ್ಡದನ್ನು ಆರಿಸಿ.

ಘಟಪ್ರಭಾ, ಬಾಗಲಕೋಟೆ

ಇಷ್ಟೆಲ್ಲ ಕಸರತ್ತು ಯಾಕೆ? ಎಫ್12 ಒತ್ತಿ, ನೆಟ್‌ವರ್ಕ್ ಅನ್ನುವ ಕಡೆ ಹೋಗಿ, ಫೆಚ್ ಅಥವಾ ಎಕ್ಸ್‌ಎಚ್‌ಆರ್ ಆರಿಸಿ, ಒಂದು ಸಲ ಇಳಿಸಿ ನೋಡಿ. ಪುಟ ಎಲ್ಲಿಂದ 24 ಸೀರೆ ತರಿಸಿಕೊಳ್ಳುತ್ತದೋ ಆ ವಿಳಾಸವೇ ಕಾಣುತ್ತದೆ. ಒಳಗೆ ಜೇಸನ್ (ಪ್ರೋಗ್ರಾಂ ನೇರ ಓದಬಲ್ಲ ಪಟ್ಟಿ), ಎಲ್ಲ ಒಪ್ಪವಾಗಿ ಕೂತಿರುತ್ತದೆ. ಹೆಸರು, ವಿವರ, ದೊಡ್ಡ ಫೋಟೋ. ಸ್ಕ್ರೋಲ್ ಮಾಡುವ ಮಾತೇ ಇಲ್ಲ.

ಅದಿರಲಿ, ಸೈಟ್‌ನವರು ಇಂಥದ್ದಕ್ಕೆ ಒಪ್ಪುತ್ತಾರಾ? ನಿಯಮ ಓದಿದ್ದೀರಾ?

ಟಿಳಕವಾಡಿ ಟೆಸ್ಟರ್, ಬೆಳಗಾವಿ

ಘಟಪ್ರಭಾ ಹೇಳಿದ್ದು ಸರಿ, ಸಿಕ್ಕರೆ ಅದೇ ಒಳ್ಳೆಯ ದಾರಿ. ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಕೆಲವು ಸೈಟ್‌ಗಳಲ್ಲಿ ಪ್ರತಿ ಕಂತಿಗೂ ಹಿಂದಿನ ಕಂತು ಕೊಟ್ಟ ಒಂದು ಚೀಟಿ ಬೇಕು, ಟೋಕನ್. ಮೊದಲ ಸಲ ಮಾಡುವವರಿಗೆ ತಲೆ ಕೆಡುತ್ತದೆ. ಒಮ್ಮೆ ನೋಡಿ, ಹತ್ತು ನಿಮಿಷದ ಕೆಲಸ.

ನಿಯಮದ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಮಾರಾಟಗಾರರ ಒಪ್ಪಂದ ಓದಿ. ಸ್ಕ್ರಿಪ್ಟ್ ಯಾವ ಪುಟಕ್ಕೆ ಬರಬಹುದು ಅಂತ ಸೈಟ್ ಬರೆದಿಡುವ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ನೋಡಿ. ನಿಮ್ಮ ಅಂಗಡಿಯ ಪುಟ ಬಿಟ್ಟು ಪಕ್ಕದ ಅಂಗಡಿಯದಕ್ಕೆ ಕೈ ಹಾಕಬೇಡಿ. ಎರಡು ಇಳಿಕೆಯ ನಡುವೆ ಮೂರ್ನಾಲ್ಕು ಸೆಕೆಂಡ್ ಬಿಡಿ, ಗಿರಾಕಿ ಕಡಿಮೆ ಇರುವ ಹೊತ್ತಲ್ಲಿ ಓಡಿಸಿ.

ಟೋಪತೆನಿ, ಇಳಕಲ್

ನಾಲ್ಕು ದಿನ ಕಾಣಲಿಲ್ಲ, ಕ್ಷಮಿಸಿ. ಹುನಗುಂದದ ಒಂದೇ ಮನೆಯವರು ಮದುವೆಗೆ ಅಂತ 31 ಸೀರೆ ಆರಿಸಲು ಎರಡು ದಿನ ಕೂತಿದ್ದರು. ಗಾದಿ, ಮಡಚುವುದು, ಬಿಚ್ಚುವುದು, ಅಕ್ಕಾರ, ನಿಮ್ಮ ಮಾತು ಬಹಳ ನೆನಪಾಯಿತು.

ಒಪ್ಪಂದ ಓದಿದೆ. ಹನ್ನೆರಡು ಪುಟ. ನಾವು ಹಾಕಿದ ಫೋಟೋ ಮತ್ತು ಬರಹ ನಮ್ಮದೇ ಅಂತ ಅದರಲ್ಲೇ ಇದೆ. ಆದರೂ ಮತ್ತೊಂದು ಪತ್ರ ಬರೆದೆ, ನಮ್ಮ ಪುಟವನ್ನು ನಾವೇ ಇಂಥ ದಿನ ರಾತ್ರಿ ಸ್ಕ್ರಿಪ್ಟ್‌ನಿಂದ ಇಳಿಸಿಕೊಳ್ಳಬಹುದಾ ಅಂತ. ಈ ಸಲ ಎರಡೇ ದಿನಕ್ಕೆ "ಅಡ್ಡಿಯಿಲ್ಲ, ನಿಧಾನ ಮಾಡಿ" ಅಂತ ಬಂತು. ಯಾರೋ ಬೇರೆಯವರು ಓದಿರಬೇಕು.

ನೆಟ್‌ವರ್ಕ್ ಕಡೆಯೂ ನೋಡಿದೆ. ಚೀಟಿ ಇರುವ ಜಾತಿಯೇ. ಎರಡನೇ ಕಂತಿಗೇ ಬೇಡ ಅಂದಿತು. ಬಿಟ್ಟುಬಿಟ್ಟೆ.

ಇಳಿಯುತ್ತಲೇ ಓದುವ ಹಾಗೆ ಬದಲಾಯಿಸಿ ರಾತ್ರಿ ಹನ್ನೊಂದೂವರೆಗೆ ಓಡಿಸಿದೆ. ಎತ್ತರದ ಮುಕ್ಕಾಲು, ನಾಲ್ಕು ಸೆಕೆಂಡ್, ಓದು. ಈ ಮುಕ್ಕಾಲಿನ ಲೆಕ್ಕ ನಮ್ಮವರಿಗೆ ಹೊಸದಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಕೊಂಡಿ ಹಾಕುತ್ತೇವೆ, ಎಳೆಯೊಳಗೆ ಎಳೆ. ಬರೀ ಪಕ್ಕಕ್ಕೆ ಪಕ್ಕ ಇಟ್ಟರೆ ನಿಲ್ಲುವುದಿಲ್ಲ.

ಮುಗಿದಾಗ ನೋಡಿದರೆ 911. ಮತ್ತೆ ತಲೆ ಕೆಟ್ಟಿತು. ಮಲಗಿದೆ. ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯಿತು: ಡಿಕ್ಷನರಿಗೆ ಕೀ ಅಂತ ಸೀರೆಯ ಹೆಸರು ಕೊಟ್ಟಿದ್ದೆ. ನಾನೇ ಐದು ವರ್ಷ ಸೋಮಾರಿತನದಿಂದ ಹತ್ತಾರು ಸೀರೆಗೆ "ದಾಳಿಂಬೆ ಕೆಂಪು, ಗೋಮಿ ದಡಿ, ಟೋಪ ತೆನಿ ಸೆರಗು" ಅಂತ ಒಂದೇ ಹೆಸರು ಬರೆದಿದ್ದೇನೆ. ಒಂದರ ಮೇಲೊಂದು ಕೂತು ಕಡೆಯದು ಮಾತ್ರ ಉಳಿದಿದೆ. ಕೀ ಬದಲಿಸಿ ಪ್ರತಿ ಸೀರೆಯ ಲಿಂಕ್ ಕೊಟ್ಟೆ. ಮರುದಿನ ರಾತ್ರಿ ಮತ್ತೆ ಓಡಿಸಿದೆ. 1,286. ಎಣಿಕೆ ಅಲ್ಲಿಗೆ ಬಂದು ನಿಂತಾಗ ನಾನೊಬ್ಬನೇ ಎದ್ದಿದ್ದೆ, ಯಾರಿಗೆ ಹೇಳಲಿ ಅಂತ ತಿಳಿಯದೆ ಫ್ಯಾನ್ ಆರಿಸಿ ಮತ್ತೆ ಹಾಕಿದೆ.

ಬೂದು ಚೌಕ 14 ಬಂದವು. ಅವನ್ನು ಕೈಯಿಂದ ಸರಿ ಮಾಡಿದೆ. ದ್ರಾಕ್ಷಿಮನಿ ಅಣ್ಣಾರ, 300 ಪಿಕ್ಸೆಲ್ ಹಿಂದೆ ಎಳೆಯುವುದು ಆ ರಾತ್ರಿ ಐದು ಸಲ ಬೇಕಾಯಿತು, ಚಿಲಕ ಪ್ರತಿ ಸಲವೂ ಬಿಟ್ಟಿತು.

ದ್ರಾಕ್ಷಿಮನಿ, ತಿಕೋಟಾ

ಭೇಷ್! ಆ ಸ್ಕ್ರಿಪ್ಟ್ ಎರಡು ಕಡೆ ಉಳಿಸಿಡಿ. ಮೊಬೈಲ್‌ನಲ್ಲಿ ಮಾತ್ರ ಇಡಬೇಡಿ.

ಕಾಕಾ ಏನಂದರು?

ಟೋಪತೆನಿ, ಇಳಕಲ್

ಪಟ್ಟಿಯನ್ನು ಫೋಟೋ ಸಮೇತ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ. ಚಾಳೀಸು ಹಾಕಿಕೊಂಡು, ಕೀಲಿ ಒತ್ತುತ್ತಾ, ಒಂದೊಂದೇ ಸಾಲು ತಾವೇ ಇಳಿಸಿಕೊಂಡು ಹೋದರು. 37ನೇ ಸಾಲಿಗೆ ನಿಂತರು. ಪರದೆ ಮೇಲೆ ಬೆರಳಿಟ್ಟು, "ಇದು ಗೋಮಿ ಅಲ್ಲೋ, ಪರಾಸ. ಐದು ವರ್ಷದಿಂದ ತಪ್ಪು ಹೆಸರಲ್ಲಿ ಮಾರೀಯೇನು?" ಅಂದರು.

ಈಗ 212ನೇ ಸಾಲಿನಲ್ಲಿದ್ದಾರೆ. ಇದುವರೆಗೆ ಒಂಬತ್ತು ತಪ್ಪು ಸಿಕ್ಕಿವೆ.